ಮಡಿಕೇರಿ ಅಕ್ವೇರಿಯಂ ಮೀನು ಹೋಟೆಲ್: ಮಳೆಗಾಲದಲ್ಲಿ ಎಂಟು ಜನಕ್ಕೆ ಏನು ಹೇಳೋದು, ಏನು ಬಿಡೋದು?

ತುಮಕೂರಿನವಳು

ಜೂನ್ ಮೂರನೇ ವಾರ ಮಡಿಕೇರಿಗೆ ಬರ್ತಿದ್ದೀವಿ. ಶನಿವಾರ ಬೆಳಿಗ್ಗೆ ಬಂದು ಸೋಮವಾರ ವಾಪಸ್, ಹೋಂಸ್ಟೇ ಬುಕ್ ಆಗಿದೆ. ಊರಿನ ಹತ್ತಿರ ಒಂದು ಅಕ್ವೇರಿಯಂ ಥೀಮಿನ ಮೀನು ಹೋಟೆಲ್ ಇದೆ. ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ, ಮೇಜಿನ ಪಕ್ಕದಲ್ಲೇ ಬಣ್ಣದ ಮೀನು. ಬಾಗಿಲ ಹತ್ತಿರ ಬೇರೆ ತೊಟ್ಟಿಯಲ್ಲಿ ಜೀವಂತ ಏಡಿ, ತಿಲಾಪಿಯಾ ಇಟ್ಟಿರ್ತಾರೆ, ನಾವು ಕೈ ತೋರಿಸಿದ್ದನ್ನೇ ಅಡುಗೆ ಮಾಡಿ ಕೊಡ್ತಾರಂತೆ. ಮಕ್ಕಳು ಅಲ್ಲಿಗೇ ಹೋಗಬೇಕು ಅಂತ ಹಟ ಹಿಡಿದಿದ್ದಾರೆ. ಶನಿವಾರ ರಾತ್ರಿ ಊಟಕ್ಕೆ ಅಂತ ಲೆಕ್ಕ ಹಾಕಿದ್ದೀವಿ.

ಒಟ್ಟು ಎಂಟು ಜನ. ನಾನು, ನಮ್ಮನೆಯವರು, ಮೈದುನ, ಅವನ ಹೆಂಡತಿ (ಐದು ತಿಂಗಳ ಬಸುರಿ), ಅತ್ತೆ, ಮಾವ, 4 ಮತ್ತು 9 ವರ್ಷದ ಮಕ್ಕಳಿಬ್ಬರು. ಮಾವ ಮೀನು ಮಾಂಸ ಮುಟ್ಟೋದೇ ಇಲ್ಲ. ಅತ್ತೆ ತಿಂತಾರೆ, ಶನಿವಾರ ಮಾತ್ರ ಬೇಡ. ಮೈದುನನಿಗೆ ಸಿಗಡಿ ತಿಂದರೆ ತುಟಿ ಊದಿಕೊಳ್ಳುತ್ತೆ, ಬೇರೆ ಮೀನಿಗೆ ಏನೂ ಆಗಲ್ಲ.

ನಮ್ಮ ಕಡೆ ಕೆರೆ ಮೀನು ಮಾತ್ರ ಗೊತ್ತು. ಸಮುದ್ರದ ಮೀನಿನಲ್ಲಿ ಯಾವುದು ತಾಜಾ, ಯಾವುದರಲ್ಲಿ ಮುಳ್ಳು ಕಡಿಮೆ, ಎಷ್ಟು ಹೇಳಬೇಕು, ತೂಕದ ಲೆಕ್ಕದಲ್ಲಿ ಮೋಸ ಹೋಗದ ಹಾಗೆ ಹೇಗೆ? ಸಮುದ್ರವೇ ಇಲ್ಲದ ಊರಲ್ಲಿ ಸಮುದ್ರದ ಮೀನು ತಿನ್ನೋದು ಸರಿಯಾ ಅಂತಲೂ ಅನುಮಾನ ಇದೆ. ತಿಳಿದವರು ಹೇಳಿ.

ಘಾಟಿ ಹತ್ತಿದ ಮೀನು

ಕೊನೇ ಪ್ರಶ್ನೆಯಿಂದ ಶುರು ಮಾಡ್ತೀನಿ ಮೇಡಂ, ಉಳಿದಿದ್ದೆಲ್ಲ ಅದರ ಮೇಲೇ ನಿಂತಿದೆ.

ಮಡಿಕೇರಿಗೆ ಮೀನು ಎರಡು ದಾರಿಯಲ್ಲಿ ಹತ್ತಿ ಬರುತ್ತೆ. ಮಂಗಳೂರು ದಕ್ಕೆಯಿಂದ (ಮೀನಿನ ಬೋಟು ನಿಲ್ಲುವ ಬಂದರು) ಪುತ್ತೂರು, ಸುಳ್ಯ, ಸಂಪಾಜೆ ಮೇಲೆ ಸುಮಾರು 140 ಕಿ.ಮೀ. ಇನ್ನೊಂದು ಕಣ್ಣೂರು, ತಲಶ್ಶೇರಿ ಕಡೆಯಿಂದ ಇರಿಟ್ಟಿ, ಮಾಕುಟ್ಟ ದಾಟಿ ವಿರಾಜಪೇಟೆಗೆ. ಬೆಳಗಿನ ಜಾವ ದಕ್ಕೆಯಲ್ಲಿ ಹರಾಜಾದ ಮೀನು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಒಂದು ಸಾಲು ಪುಡಿ ಐಸ್, ಒಂದು ಸಾಲು ಮೀನು ಅಂತ ತುಂಬಿ ಬಂದರೆ ಮಧ್ಯಾಹ್ನದ ಊಟಕ್ಕೆ ಚೆನ್ನಾಗಿಯೇ ಇರುತ್ತೆ. ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್ ಅನ್ನೋದು ವ್ಯಾಪಾರದವರ ಲೆಕ್ಕ. ಐಸ್ ಉಳಿಸಲಿಕ್ಕೆ ಹೋದವರ ಮೀನು ಹೊಟ್ಟೆಯ ಕಡೆಯಿಂದ ಮೆತ್ತಗಾಗುತ್ತಾ ಬರುತ್ತೆ. ಹಾಗಾಗಿ ಸಮುದ್ರ ಎಷ್ಟು ದೂರ ಅನ್ನೋದಕ್ಕಿಂತ ಪೆಟ್ಟಿಗೆಯಲ್ಲಿ ಐಸ್ ಎಷ್ಟಿತ್ತು ಅನ್ನೋದೇ ಮುಖ್ಯ.

ಆದರೆ ನೀವು ಬರ್ತಿರೋದು ಜೂನ್‌ನಲ್ಲಿ. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಸಮುದ್ರಕ್ಕೆ ಇಳಿಯುವಂತಿಲ್ಲ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ 52 ದಿನ, ಅದೂ ಜುಲೈ 31ಕ್ಕೆ ಮುಗಿಯುತ್ತೆ. ಈ ಎರಡು ತಿಂಗಳು ಹೋಟೆಲಿನ ಮೀನು ಬರೋದು ನಾಡದೋಣಿಯವರು ದಡದ ಹತ್ತಿರ ಹಿಡಿದದ್ದು, ಅಳಿವೆ ಬಾಗಿಲಿನ ಮೀನು, ಕೋಲ್ಡ್ ಸ್ಟೋರೇಜಿನ ಮೀನು, ಆಮೇಲೆ ಪೂರ್ವ ಕರಾವಳಿಯದು. ಆ ಕಡೆ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಹಾಗಾಗಿ ನೀವು ಬರೋ ವಾರಕ್ಕೆ ಅಲ್ಲಿನ ಬೋಟುಗಳು ಆಗಷ್ಟೇ ಇಳಿದಿರುತ್ತವೆ. ಅಲ್ಲಿಂದ ಮಡಿಕೇರಿಗೆ ಬರಬೇಕಾದರೆ ದಿನಗಟ್ಟಲೆ ಐಸಿನಲ್ಲಿ ಕೂತಿರಬೇಕು.

ಆದ್ದರಿಂದ ವೇಟರನ್ನ "ಮೀನು ಫ್ರೆಶ್ಶಾ?" ಅಂತ ಕೇಳಬೇಡಿ, ಉತ್ತರ ಒಂದೇ ಬರುತ್ತೆ. "ಇವತ್ತು ಬಂದಿದ್ದು ಯಾವುದು, ಫ್ರೀಜರಿಂದು ಯಾವುದು?" ಅಂತ ಕೇಳಿ. ನಿಷೇಧದ ತಿಂಗಳಲ್ಲಿ ಎಲ್ಲವೂ ಇವತ್ತಿಂದೇ ಅನ್ನುವ ಹೋಟೆಲಿಗಿಂತ, "ಅಂಜಲ್, ಮಾಂಜಿ ಫ್ರೀಜರಿಂದು, ಬಂಗುಡೆ ಬೆಳಿಗ್ಗೆ ಬಂತು" ಅಂತ ಬಿಡಿಸಿ ಹೇಳುವ ಹೋಟೆಲನ್ನ ನಂಬಬಹುದು. (ಅಂಜಲ್ ಅಂದರೆ ಸುರ್ಮಾಯಿ, ಮಾಂಜಿ ಅಂದರೆ ಪಾಂಫ್ರೆಟ್, ಬಂಗುಡೆ ಅಂದರೆ ಮ್ಯಾಕೆರೆಲ್.) ಫ್ರೀಜರ್ ಅಂದ ತಕ್ಷಣ ಮೂಗು ಮುರಿಯಬೇಡಿ. ಹಿಡಿದ ಕೂಡಲೇ ಮೈನಸ್ 18 ಡಿಗ್ರಿಗೆ ಹೋದ ಮೀನು, ಮೂರು ದಿನ ಅರೆಬರೆ ಐಸಿನಲ್ಲಿ ಕೂತ ಮೀನಿಗಿಂತ ಎಷ್ಟೋ ಮೇಲು. ಕೆಡೋದು ಐಸ್ ಬಿಡಿಸುವಾಗ. ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿಟ್ಟು ನಿಧಾನ ಬಿಡಿಸಬೇಕು. ಆರ್ಡರ್ ಬಂದ ಮೇಲೆ ನಲ್ಲಿ ಕೆಳಗೆ ಹಿಡಿದು ಬಿಡಿಸಿದರೆ ನೀರು ಬಿಟ್ಟುಕೊಂಡು ತವಾದ ಮೇಲೆ ಬೇಯುತ್ತೆ ಹೊರತು ಹುರಿಯೋದಿಲ್ಲ, ಮಸಾಲೆ ಕಿತ್ತು ಬರುತ್ತೆ, ಬಾಯಿಗಿಟ್ಟರೆ ಹತ್ತಿ ಥರ.

ಬಂಗುಡೆ ಮತ್ತು ಟ್ಯೂನಾ ಮಾತ್ರ ಸಂಜೆ ಮೇಲೆ ಹೇಳಬೇಡಿ. ಈ ಜಾತಿಯ ಮೀನು ತಂಪು ತಪ್ಪಿ ಹೊರಗೆ ಉಳಿದರೆ ಮಾಂಸದಲ್ಲಿ ಹಿಸ್ಟಮಿನ್ ಕೂಡುತ್ತೆ. ಅದು ಹುರಿದರೂ ಕುದಿಸಿದರೂ ಹೋಗಲ್ಲ. ತಿಂದು ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗಿ, ತಲೆನೋವು, ಮೈ ತುರಿಕೆ ಬಂದು ಅಲರ್ಜಿಯ ಹಾಗೇ ಕಾಣುತ್ತೆ. ತುತ್ತು ಬಾಯಿಗಿಟ್ಟಾಗ ಮೆಣಸು ಕಚ್ಚಿದ ಹಾಗೆ ನಾಲಿಗೆ ಚುರುಗುಟ್ಟಿದರೆ ಅಲ್ಲಿಗೇ ನಿಲ್ಲಿಸಿ.

ಇಡೀ ಮೀನನ್ನ ಟ್ರೇಯಲ್ಲಿ ತಂದು ತೋರಿಸಲು ಹೇಳಿ, ಇದಕ್ಕೆ ಸಂಕೋಚ ಬೇಡ. ಕಣ್ಣು ಉಬ್ಬಿ ಪಾರದರ್ಶಕವಾಗಿರಬೇಕು, ಕಿವಿರು ಎತ್ತಿದರೆ ಕೆಂಪಾಗಿರಬೇಕು, ಬೆರಳಲ್ಲಿ ಒತ್ತಿದ ಗುಳಿ ತಾನೇ ಮೇಲೆ ಬರಬೇಕು. ಆಗಲೇ ಮಸಾಲೆ ಹಚ್ಚಿ ಕೆಂಪಗೆ ಮಾಡಿಟ್ಟಿರೋದರಲ್ಲಿ ಇದ್ಯಾವುದೂ ಕಾಣಲ್ಲ. ಅದಕ್ಕೇ ಮಸಾಲೆ ಹಚ್ಚಿದ ಡಿಸ್‌ಪ್ಲೇ ಟ್ರೇ ನೋಡಿ ಆರಿಸಬೇಡಿ.

ಇನ್ನೊಂದು ಹೆಸರಿನ ಗೊಂದಲ. ಮಾಂಜಿ ಅಂತ ಕಡಿಮೆ ಬೆಲೆಗೆ ಕೊಟ್ಟರೆ ಅದು ರೂಪ್‌ಚಂದ್ ಇರಬಹುದು. ರೂಪ್‌ಚಂದ್ ಕೆರೆಯಲ್ಲಿ ಸಾಕುವ ಮೀನು, ಹೊಟ್ಟೆ ಕೆಂಪು, ಬಾಯಿ ತೆರೆದರೆ ಮನುಷ್ಯನ ಹಲ್ಲಿನ ಥರ ಹಲ್ಲಿರುತ್ತೆ. ಮಾಂಜಿಯ ಬಾಯಿ ತುಂಬ ಚಿಕ್ಕದು. ಕೆಟ್ಟ ಮೀನೇನಲ್ಲ, ಆದರೆ ಅದಕ್ಕೆ ಮಾಂಜಿಯ ದುಡ್ಡು ಕೊಡಬಾರದು. "ಫಿಶ್ ಫಿಂಗರ್", "ಫಿಲೆಟ್" ಅಂತ ಬರೋದು ಹೆಚ್ಚಾಗಿ ಬಾಸಾ ಅನ್ನೋ ಸಾಕಿದ ಮೀನು.

ಗಾಜಿನ ಕೆರೆ

ಮೀನಿನ ವಿಷಯ ಮೇಲಿನವರು ಹೇಳಿದ್ದಾರೆ, ನಾನು ತೊಟ್ಟಿಗಳ ಬಗ್ಗೆ ಹೇಳ್ತೀನಿ.

ಬಣ್ಣದ ಮೀನಿನ ತೊಟ್ಟಿ ಬೇರೆ, ಊಟದ ಮೀನಿನ ತೊಟ್ಟಿ ಬೇರೆ. ಎರಡರ ನೀರೂ ಒಂದೇ ಫಿಲ್ಟರ್‌ನಲ್ಲಿ ತಿರುಗುವಂತಿಲ್ಲ. ಅಲಂಕಾರದ ಮೀನಿಗೆ ಬಿಳಿ ಚುಕ್ಕೆ ರೋಗ ಬಂದರೆ ತಾಮ್ರದ ಔಷಧಿ, ಮ್ಯಾಲಕೈಟ್ ಗ್ರೀನ್, ಮಿಥಿಲೀನ್ ಬ್ಲೂ ಹಾಕ್ತಾರೆ. ತಿನ್ನುವ ಮೀನು ಇರೋ ನೀರಿಗೆ ಅವು ಸೋಕಬಾರದು. ಕೊಡಗಿನಲ್ಲಿ ಈ ರೋಗ ಮಳೆಗಾಲದಲ್ಲೇ ಜಾಸ್ತಿ, ಕಾರಣ ಚಳಿ. ಬಣ್ಣದ ಮೀನುಗಳಿಗೆ 24ರಿಂದ 27 ಡಿಗ್ರಿ ನೀರು ಬೇಕು, ಜೂನ್‌ನಲ್ಲಿ ಮಡಿಕೇರಿಯ ಕೋಣೆ ಅಷ್ಟು ಬೆಚ್ಚಗಿರಲ್ಲ. ಹೀಟರ್ ಬೇಕೇ ಬೇಕು, ಲೀಟರಿಗೆ ಸುಮಾರು ಒಂದು ವ್ಯಾಟ್ ಲೆಕ್ಕ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಯಲ್ಲಿ 450 ಲೀಟರ್ ನೀರಿರುತ್ತೆ. ಮಳೆಗೆ ಕರೆಂಟ್ ಹೋದಾಗ ಜನರೇಟರ್‌ಗೆ ಹೀಟರ್ ಕೊಡದೆ ಬರೀ ಲೈಟ್ ಕೊಟ್ಟಿದ್ದರೆ ರಾತ್ರಿಯಿಡೀ ನೀರು ತಣ್ಣಗಾಗುತ್ತೆ, ಮೀನಿನ ಮೈಮೇಲೆ ಉಪ್ಪು ಉದುರಿಸಿದ ಹಾಗೆ ಚುಕ್ಕೆ ಬರುತ್ತೆ. ನೀರು ನೀಲಿ ಅಥವಾ ಹಸಿರಾಗಿದ್ದರೆ ಔಷಧಿ ಹಾಕಿರಬಹುದು. ಅದು ಆ ಮೀನಿಗೆ ಒಳ್ಳೆಯದೇ. ಊಟದ ತೊಟ್ಟಿ ಅದಕ್ಕೆ ಪೈಪಿನಲ್ಲಿ ಸೇರಿದೆಯಾ ಅಂತ ಮಾತ್ರ ಒಂದು ಮಾತು ಕೇಳಿ.

ಊಟದ ತೊಟ್ಟಿಯಲ್ಲಿ ನೋಡಬೇಕಾದ್ದು ಇಷ್ಟು. ತಿಲಾಪಿಯಾ ಎಲ್ಲವೂ ಮೇಲೆ ಬಂದು ಬಾಯಿ ಬಿಡ್ತಿದ್ದರೆ ನೀರಿನಲ್ಲಿ ಗಾಳಿ ಸಾಲದು, ಇಲ್ಲ ಅಮೋನಿಯಾ ಏರಿದೆ. ಮೇಲೆ ನೊರೆ ನಿಂತು ಒಡೆಯದೆ ಇದ್ದರೆ ನೀರು ಬದಲಿಸಿಲ್ಲ. ರೆಕ್ಕೆ ಹರಿದು ಬಿಳಿ ಬೂಷ್ಟು ಹಿಡಿದ ಮೀನನ್ನ ಆರಿಸಬೇಡಿ. ಇನ್ನು, ಜೀವಂತ ಇದೆ ಅಂದ ಮಾತ್ರಕ್ಕೆ ರುಚಿ ಅಂತಲ್ಲ. ಕೆರೆಯಿಂದ ನೇರ ಬಂದ ತಿಲಾಪಿಯಾ ಕೆಸರಿನ ವಾಸನೆ ಹೊಡೆಯುತ್ತೆ, ಅದು ಪಾಚಿಯಂಥ ಸೂಕ್ಷ್ಮಜೀವಿಗಳಿಂದ ಮೀನಿನ ಮಾಂಸಕ್ಕೆ ಇಳಿಯುವ ವಾಸನೆ. ಎರಡು ಮೂರು ದಿನವಾದರೂ ಶುದ್ಧ ನೀರಿನಲ್ಲಿ ಮೇವು ಹಾಕದೆ ಬಿಟ್ಟರೆ ಕಡಿಮೆಯಾಗುತ್ತೆ. "ತೊಟ್ಟಿಗೆ ಬಿಟ್ಟು ಎಷ್ಟು ದಿನ ಆಯ್ತು?" ಅಂತ ಕೇಳಿ.

ಏಡಿ ಆರಿಸೋದು ಸುಲಭ. ಕಟ್ಟಿಹಾಕಿದ ಹಸಿರು ಏಡಿಯ ಕಣ್ಣಿನ ಹತ್ತಿರ ಕಡ್ಡಿ ತಂದರೆ ಕಣ್ಣು ಒಳಗೆಳೆದುಕೊಳ್ಳಬೇಕು. ಒಂದೇ ಗಾತ್ರದ ಎರಡನ್ನ ಕೈಯಲ್ಲಿ ಎತ್ತಿ ನೋಡಿದರೆ ಭಾರ ಇರೋದು ಮಾಂಸ ತುಂಬಿದ್ದು. ಹೊಟ್ಟೆಯ ಕಡೆ ಚಿಪ್ಪು ಒತ್ತಿದರೆ ಬಾಗಿದರೆ ಅದು ಹೊಸದಾಗಿ ಚಿಪ್ಪು ಕಳಚಿದ್ದು, ಒಳಗೆ ಬರೀ ನೀರು. ಹೊಟ್ಟೆಯ ಮುಚ್ಚಳ ಕಿರಿದಾಗಿ ಚೂಪಾಗಿದ್ದರೆ ಗಂಡು, ಅಗಲ ದುಂಡಗಿದ್ದರೆ ಹೆಣ್ಣು. ಹೊರಗೆ ಮೊಟ್ಟೆ ಗೊಂಚಲು ಹೊತ್ತ ಹೆಣ್ಣನ್ನ ದಯವಿಟ್ಟು ಬಿಟ್ಟುಬಿಡಿ. ಸತ್ತ ಏಡಿ ಅರ್ಧ ಬೆಲೆಗೆ ಕೊಟ್ಟರೂ ಬೇಡ, ಏಡಿ ಸತ್ತ ಮೇಲೆ ಬಹಳ ಬೇಗ ಕೆಡುತ್ತೆ.

ಕೂರುವ ಜಾಗ: ತೊಟ್ಟಿಗೆ ಅಂಟಿದ ಮೇಜು ಮಕ್ಕಳಿಗೆ ಇಷ್ಟ, ಆದರೆ ಮೂಲೆ ತೊಟ್ಟಿಯ ಕೆಳಗೆ ಪಂಪು, ಪ್ಲಗ್ಗು ಇರುತ್ತೆ, ನೆಲ ಒದ್ದೆ. ನಾಲ್ಕು ವರ್ಷದ ಮಗುವನ್ನ ಆ ತುದಿಗೆ ಕೂರಿಸಬೇಡಿ. ಮಧ್ಯದ ಗೋಡೆಯ ತೊಟ್ಟಿಯ ಎದುರು ಕೇಳಿ. ಗಾಜು ಬಡಿಯಬಾರದು ಅಂತ ಒಳಗೆ ಹೋಗುವ ಮೊದಲೇ ಹೇಳಿಬಿಡಿ. ಮೀನಿನ ಪಕ್ಕೆಯಲ್ಲಿ ಒಂದು ಗೆರೆ ಕಾಣುತ್ತಲ್ಲ, ಅದರಿಂದಲೇ ನೀರಿನ ಅದುರುವಿಕೆ ಅದಕ್ಕೆ ಗೊತ್ತಾಗೋದು. ನಮಗೆ ಟಕ್ ಅನ್ನೋದು ಅದಕ್ಕೆ ಮೈಗೆ ಹೊಡೆದ ಹಾಗೆ. ಮೊಬೈಲ್ ಫ್ಲ್ಯಾಶ್ ಆಫ್ ಮಾಡಿ, ಲೆನ್ಸನ್ನ ಗಾಜಿಗೆ ತಾಗಿಸಿ ಹಿಡಿದರೆ ಪ್ರತಿಬಿಂಬ ಬರದೆ ಫೋಟೋ ಚೆನ್ನಾಗಿ ಬರುತ್ತೆ. ತೊಟ್ಟಿಯ ನೀರು ಮುಟ್ಟಿದ್ದರೆ ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಸಿ. ಕಾಲು ಕಚ್ಚುವ ಮೀನಿನ ತೊಟ್ಟಿ ಇಟ್ಟಿದ್ದರೆ ಗಾಯ ಇರೋ ಕಾಲು ಅದರೊಳಗೆ ಬೇಡವೇ ಬೇಡ.

ತುಮಕೂರಿನವಳು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಏಡಿ ಆರಿಸೋದು ಓದಿ ನಮ್ಮನೆಯವರಿಗೆ ಆಸೆ ಹುಟ್ಟಿದೆ. ಮೈದುನ ಏಡಿ ಯಾವತ್ತೂ ತಿಂದಿಲ್ಲ, ಸಿಗಡಿ ಮಾತ್ರ ಆಗಲ್ಲ. ಅವನು ತಿನ್ನದೆ ನಾವು ತಿಂದರೆ ತೊಂದರೆ ಇಲ್ಲ ತಾನೇ? ಮೆನುವಿನಲ್ಲಿ ಕರಿಮೀನು, "ಕಾವೇರಿ ಮಾಶೀರ್" ಅಂತಲೂ ಇದೆ. ಮಕ್ಕಳಿಗೆ ಯಾವುದು ಆಗುತ್ತೆ?

ಕಾಚಂಪುಳಿ

ಅಕ್ಕಾ, ಏಡಿ ಈ ಊಟಕ್ಕೆ ಬೇಡ. ಆರಿಸೋದನ್ನ ಮೇಲೆ ಚೆನ್ನಾಗಿ ಹೇಳಿದ್ದಾರೆ, ಆದರೆ ನಿಮ್ಮ ಮೇಜಿಗೆ ಅದು ಹೊಂದಲ್ಲ.

ಸಿಗಡಿಯಲ್ಲಿ ಅಲರ್ಜಿ ತರುವ ಮುಖ್ಯ ಪ್ರೊಟೀನ್ ಏಡಿಯಲ್ಲೂ ಇದೆ, ಬೇಯಿಸಿದರೆ ಹೋಗಲ್ಲ. ಸಿಗಡಿ ಆಗದ ಬಹಳ ಜನರಿಗೆ ಏಡಿಯೂ ಆಗಲ್ಲ. ಮೀನಿನ ಅಲರ್ಜಿ ಬೇರೆ ಪ್ರೊಟೀನಿಂದ ಬರೋದು, ಅದಕ್ಕೇ ನಿಮ್ಮ ಮೈದುನನಿಗೆ ಮೀನು ಒಗ್ಗುತ್ತೆ. ತೊಂದರೆ ಇರೋದು ಎಣ್ಣೆಯಲ್ಲಿ. ಸಂಜೆ ಹೊತ್ತಿಗೆ ಒಂದೇ ಬಾಣಲೆಯಲ್ಲಿ ಸಿಗಡಿ ಗೀ ರೋಸ್ಟಿನ ಮಸಾಲೆ, ಬೊಂಡಾಸ್ (ಸ್ಕ್ವಿಡ್), ಮೀನು, ಕೊನೆಗೆ ಗೋಬಿಯೂ ಕರಿದಿರುತ್ತೆ. ಕೆಲವರಿಗೆ ಏಡಿ ಕುದಿಯುವ ಆವಿ ಮೂಗಿಗೆ ಹೊಡೆದರೂ ಸಾಕು. ಕೂತ ಕೂಡಲೇ ಆರ್ಡರ್ ಬರೆಯುವ ಹುಡುಗನಿಗೆ ಹೇಳಬೇಡಿ, ಅಡುಗೆಮನೆಯ ಮುಖ್ಯ ಬಾಣಸಿಗರನ್ನೇ ಕರೆಸಿ ಮೂರು ಮಾತು ಹೇಳಿ: ಇವರ ಮೀನು ಬೇರೆ ತವಾದಲ್ಲಿ, ಹೊಸ ಎಣ್ಣೆಯಲ್ಲಿ, ಚಮಚ ಬೇರೆ, ಸಾರಿಗೆ, ಚಟ್ನಿಗೆ ಒಣ ಸಿಗಡಿ ಹಾಕಿದ್ದರೆ ಕೊಡಬೇಡಿ. ಈ ಮೂರನೆಯದನ್ನ ಎಲ್ಲರೂ ಮರೀತಾರೆ, ಊಟದ ತಟ್ಟೆಯ ಮೂಲೆಯಲ್ಲಿ ಬರುವ ಒಣ ಸಿಗಡಿ ಚಟ್ನಿ ತೆಂಗಿನ ಚಟ್ನಿಯ ಥರವೇ ಕಾಣುತ್ತೆ. ಬಾಣಸಿಗರು ಹೊಸ ಎಣ್ಣೆ ಆಗಲ್ಲ ಅಂದರೆ ಮೈದುನನಿಗೆ ಬಾಳೆ ಎಲೆಯಲ್ಲಿ ಸುತ್ತಿ ಆವಿಯಲ್ಲಿ ಬೇಯಿಸಿದ್ದು ಹೇಳಿ. ವೈದ್ಯರು ಕೊಟ್ಟ ಔಷಧಿ ಇದ್ದರೆ ಜೇಬಿನಲ್ಲಿರಲಿ, ಕಾರಲ್ಲಿ ಬೇಡ. ಉಸಿರು ಕಟ್ಟಿದರೆ, ಧ್ವನಿ ಒಡೆದರೆ ಕಾಯಬಾರದು, 108 ಕರೆಯಿರಿ. ಮಡಿಕೇರಿಯಲ್ಲೇ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಈಗ ಮುಳ್ಳಿನ ವಿಷಯ. ಕರಿಮೀನು ಅಂದರೆ ಕೇರಳದ ಹಿನ್ನೀರಿನ ಮೀನು, ರುಚಿಯಲ್ಲಿ ದೊಡ್ಡದು, ಆದರೆ ನಾಲ್ಕು ವರ್ಷದವರ ತಟ್ಟೆಗಲ್ಲ, ಮುಳ್ಳು ಜಾಸ್ತಿ. ಬೂತಾಯಿಯಲ್ಲಿ (ಸಾರ್ಡಿನ್) ಕೂದಲಿನಂಥ ಮುಳ್ಳು. ನಿಮಗೆ ಗೊತ್ತಿರುವ ಕಾಟ್ಲಾ, ರೋಹುವಿನಲ್ಲಿ ಮಾಂಸದ ಮಧ್ಯೆ ಕವಲೊಡೆದ ಮುಳ್ಳು ಇರುತ್ತವಲ್ಲ, ಅದೂ ಮಕ್ಕಳಿಗೆ ಬೇಡ. ಕಾಣೆ ಮೀನು (ಲೇಡಿಫಿಶ್) ಸಿಕ್ಕಿದರೆ ಕಣ್ಣು ಮುಚ್ಚಿ ಹೇಳಿ. ಬೆನ್ನ ಮೇಲಿಂದ ಬಿಡಿಸಿದರೆ ನಡುಮುಳ್ಳು ಒಂದೇ ಎಳೆಯಾಗಿ ಬರುತ್ತೆ, ಎರಡೂ ಕಡೆ ಬಿಳಿ ಮಾಂಸ ಉಳಿಯುತ್ತೆ. ರವೆ ಹಚ್ಚಿ ಮಾಡಿದ್ದು ಮಕ್ಕಳಿಗೆ ಖಾರವೂ ಆಗಲ್ಲ. ಕಾಣೆ ಇಲ್ಲದಿದ್ದರೆ ಅಂಜಲ್ ತುಂಡು, ಅದೂ ಇಲ್ಲದಿದ್ದರೆ ತೊಟ್ಟಿಯ ತಿಲಾಪಿಯಾ. ಮುಳ್ಳು ಸಿಕ್ಕಿಕೊಂಡರೆ ಅನ್ನದ ಉಂಡೆ, ಬಾಳೆಹಣ್ಣು ನುಂಗಿಸೋದು ನಮ್ಮ ಕಡೆ ಹಳೇ ರೂಢಿ, ಅದು ಮುಳ್ಳನ್ನ ಇನ್ನೂ ಒಳಕ್ಕೆ ತಳ್ಳಬಹುದು. ಕೆಮ್ಮಲು ಹೇಳಿ, ಹೋಗದಿದ್ದರೆ ಗಂಟಲಿನ ಡಾಕ್ಟರಿಗೆ ತೋರಿಸಿ.

ಬಸುರಿಗೆ: ಅಂಜಲ್ ದೊಡ್ಡ ಬೇಟೆಗಾರ ಮೀನು. ಚಿಕ್ಕ ಮೀನುಗಳನ್ನ ತಿಂದು ತಿಂದು ಅದರ ಮೈಯಲ್ಲಿ ಪಾದರಸ ಕೂಡುತ್ತೆ, ಶಾರ್ಕ್ ಮೀನೂ ಹಾಗೇ. ಆ ಎರಡು ಬಿಟ್ಟು ಕಾಣೆ, ತಿಲಾಪಿಯಾ ಅಥವಾ ಬೆಳಿಗ್ಗೆ ಬಂದ ಬಂಗುಡೆ ಕೊಡಿ. ಚೆನ್ನಾಗಿ ಬೆಂದಿರಬೇಕು, ಮುಳ್ಳಿನ ಹತ್ತಿರ ಮಾಂಸ ಗಾಜಿನ ಥರ ಹೊಳೆಯದೆ ಬಿಳಿಯಾಗಿ ಪದರ ಪದರ ಬಿಡಬೇಕು. ಸಮುದ್ರ ಮಟ್ಟದಿಂದ ಸಾವಿರ ಮೀಟರಿಗಿಂತ ಮೇಲಿರುವ ಮಡಿಕೇರಿಯಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತೆ. ಹಾಗಾಗಿ ಆವಿಯ ಅಡುಗೆಗೆ ಕೆಳಗಿನ ಊರಿಗಿಂತ ಎರಡು ಮೂರು ನಿಮಿಷ ಜಾಸ್ತಿ ಬೇಕು. ಕರಾವಳಿಯಿಂದ ಬಂದ ಅಡುಗೆಯವರು ಕೆಲವೊಮ್ಮೆ ಇದನ್ನ ಮರೆತು ಬೇಗ ಇಳಿಸ್ತಾರೆ.

"ಕಾವೇರಿ ಮಾಶೀರ್" ಅಂತ ಬರೆದಿದ್ದರೆ ಹೇಳಬೇಡಿ. ಕಾವೇರಿಯ ಆ ಡುಬ್ಬದ ಮಾಶೀರ್ ಅಳಿವಿನ ಅಂಚಿನಲ್ಲಿದೆ, 2018ರಲ್ಲಿ ಅದನ್ನ ಅತಿ ಅಪಾಯದ ಪಟ್ಟಿಗೆ ಸೇರಿಸಿದ್ದಾರೆ. ಆ ಹೆಸರಲ್ಲಿ ಯಾವುದೋ ಸಾಕಿದ ಮೀನು ಕೊಟ್ಟರೆ ನಿಮಗೆ ಮೋಸ, ನಿಜವಾಗಿಯೂ ಅದೇ ಆಗಿದ್ದರೆ ಹೊಳೆಗೆ ಅನ್ಯಾಯ. ಮಕ್ಕಳಿಗೆ ಮಾಶೀರ್ ತೋರಿಸಬೇಕು ಅಂದರೆ ಕುಶಾಲನಗರದಿಂದ ಆಚೆ ರಾಮನಾಥಪುರಕ್ಕೆ ಹೋಗಿ. ಕಾವೇರಿಯ ಮೆಟ್ಟಿಲ ಹತ್ತಿರ ದೇವರ ಮೀನು ಅಂತ ಯಾರೂ ಹಿಡಿಯದೆ ಬಿಟ್ಟಿದ್ದಾರೆ. ಮಳೆ ಜೋರಿದ್ದು ನೀರು ಕೆಂಪಾಗಿದ್ದರೆ ಕಾಣಲ್ಲ, ಮೆಟ್ಟಿಲೂ ಜಾರುತ್ತೆ.

ಪ್ರಮಾಣ ಹೀಗಿಡಿ. ಮಾವ ಬಿಟ್ಟು, ಮಕ್ಕಳಿಬ್ಬರನ್ನ ಒಬ್ಬರೆಂದು ಎಣಿಸಿದರೆ ಆರು ಪಾಲು. ಒಂದು ಪಾಲಿಗೆ ತಲೆ ಸಮೇತ ಹಸಿ ತೂಕ 250 ಗ್ರಾಂ, ಒಟ್ಟು ಒಂದೂವರೆ ಕಿಲೋ ಮೀನು ಸಾಕು. ಕಾಣೆ ಆರು ರವಾ ಫ್ರೈ, ಅಂಜಲ್ ನಾಲ್ಕು ತುಂಡು ತವಾ ಫ್ರೈ, ತಿಲಾಪಿಯಾ ಒಂದು ಎಲೆಯಲ್ಲಿ ಸುತ್ತಿ, ಮೀನು ಸಾರು ಒಂದು ದೊಡ್ಡ ಬಟ್ಟಲು. ಮೊದಲು ಇದರಲ್ಲಿ ಅರ್ಧ ಹೇಳಿ, ತಿಂದು ನೋಡಿ ಇನ್ನರ್ಧ ಹೇಳಿ. ಎಂಟು ಜನಕ್ಕೆ ಒಟ್ಟಿಗೆ ಹೇಳಿದರೆ ಒಂದೇ ತವಾದ ಮೇಲೆ ಒತ್ತೊತ್ತಾಗಿ ಜೋಡಿಸ್ತಾರೆ, ಶಾಖ ಇಳಿದು ಮೀನು ನೀರು ಬಿಡುತ್ತೆ.

ಸಾರು ಯಾವ ಶೈಲಿ ಅಂತ ಕೇಳಿಕೊಳ್ಳಿ. ಮಂಗಳೂರಿನದಾದರೆ ಬ್ಯಾಡಗಿ ಮೆಣಸು, ತೆಂಗಿನಕಾಯಿ, ಹುಣಸೆ. ಕೇರಳದ್ದಾದರೆ ಒಣಗಿಸಿದ ಕೊಡಂಪುಳಿ ಅನ್ನೋ ಹುಳಿ ಹಣ್ಣು. ಕೊಡವರ ಮೀನು ಕರಿಯಾದರೆ ಕಾಚಂಪುಳಿ, ಅಂದರೆ ಅದೇ ಕೊಡಂಪುಳಿ ಹಣ್ಣಿನ ರಸ ಕಾಯಿಸಿ ಕಾಯಿಸಿ ಕಪ್ಪಗೆ ಗಟ್ಟಿಯಾಗಿಸಿದ್ದು. ಕಿಲೋ ಮೀನಿಗೆ ಒಂದು ಟೀ ಚಮಚದಿಂದ ಶುರು, ಇಳಿಸುವ ಹೊತ್ತಿಗೆ ಹಾಕಬೇಕು. ಜಾಸ್ತಿಯಾದರೆ ಹುಳಿ ಗಂಟಲು ಹಿಡಿಯುತ್ತೆ. ತಿಲಾಪಿಯಾದ ಕೆಸರು ವಾಸನೆಗೂ ಇದು ಮದ್ದು, ಹುಳಿ ಆ ವಾಸನೆಯನ್ನ ಮುರಿಯುತ್ತೆ. ಮೊದಲೇ ಉಪ್ಪು, ಅರಿಶಿನ, ಒಂದಿಷ್ಟು ಕಾಚಂಪುಳಿ ಅಥವಾ ನಿಂಬೆ ಹಚ್ಚಿ ಹದಿನೈದು ನಿಮಿಷ ಬಿಟ್ಟು ತೊಳೆಯಲು ಹೇಳಿ. ಜೊತೆಗೆ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಅಥವಾ ನೂಪುಟ್ಟು (ಅಕ್ಕಿ ಶಾವಿಗೆ) ತಗೊಳ್ಳಿ, ಮಕ್ಕಳಿಗೆ ಅಕ್ಕಿ ಒಟ್ಟಿ (ರೊಟ್ಟಿ).

ಮಾವನವರಿಗೆ ಬಿದಿರು ಕಳಲೆಯ ಬೈಂಬಳೆ ಕರಿ ಅಥವಾ ಅಣಬೆಯ ಕುಮ್ಮು ಕರಿ, ಕಡಂಬುಟ್ಟು, ತುಪ್ಪ. ಮಳೆ ಶುರುವಾದ ಮೇಲೆ ಇವೆರಡರ ಕಾಲ. ಕರಿದ ಪದಾರ್ಥ ಯಾವುದನ್ನೂ ಅವರಿಗೆ ಹೇಳಬೇಡಿ, ಎಣ್ಣೆ ಒಂದೇ. ಒಟ್ಟಿಯನ್ನೂ ಮೀನು ಹುರಿದ ತವಾದಲ್ಲೇ ಸುಡ್ತಾರೆ. ಕಡಂಬುಟ್ಟು ಆವಿಯಲ್ಲಿ ಬೇಯೋದು, ಆ ಚಿಂತೆ ಇಲ್ಲ.

ಒಂದು ಕೊನೇ ಮಾತು, ಶನಿವಾರ ರಾತ್ರಿಯ ಬದಲು ಭಾನುವಾರ ಮಧ್ಯಾಹ್ನ ಮಾಡಿ. ಅತ್ತೆಯೂ ತಿಂತಾರೆ, ಬೆಳಿಗ್ಗೆ ಬಂದ ಮೀನು ಮಧ್ಯಾಹ್ನಕ್ಕೇ ತಾಜಾ, ಎಣ್ಣೆಯೂ ಅಷ್ಟರಲ್ಲಿ ಹೊಸದಿರುತ್ತೆ. ಹನ್ನೆರಡಕ್ಕೇ ಹೋಗಿ ಕೂತುಬಿಡಿ, ಒಂದು ಗಂಟೆ ದಾಟಿದರೆ ಪ್ರವಾಸಿಗರ ಬಸ್ಸುಗಳು ಬಂದು ಅಡುಗೆಮನೆಯಲ್ಲಿ ಯಾರ ಮಾತೂ ಯಾರಿಗೂ ಕೇಳಲ್ಲ. ಅಲರ್ಜಿ ಇರುವವರಿಗೆ ಆ ಗಡಿಬಿಡಿಯೇ ಅಪಾಯ. ಊಟ ಆದ ಕೂಡಲೇ ತಿರುವಿನ ದಾರಿಯಲ್ಲಿ ಗಾಡಿ ಹತ್ತಿಸಬೇಡಿ, ಕರಿದ ಮೀನು ತಿಂದ ಮಕ್ಕಳು ನಾಲ್ಕನೇ ತಿರುವಿಗೇ ವಾಂತಿ ಮಾಡ್ತಾರೆ.

ತಕ್ಕಡಿ

ಬಿಲ್ಲಿನ ಬಗ್ಗೆ ಯಾರೂ ಹೇಳಿಲ್ಲ, ಚುಟುಕಾಗಿ ಹೇಳ್ತೀನಿ.

ಮೆನುವಿನಲ್ಲಿ "ಸೈಜ್ ಪ್ರಕಾರ" ಅಂತಿದ್ದರೆ ಅಲ್ಲಿ ಬೆಲೆ ಇಲ್ಲ ಅಂತ ಅರ್ಥ. ತೂಗುವ ಮೊದಲು ನಾಲ್ಕು ಸಂಗತಿ ಬಾಯಿ ಬಿಟ್ಟು ಕೇಳಿ: ದರ ನೂರು ಗ್ರಾಮಿಗಾ, ಕಿಲೋಗಾ? ತೂಕ ಸ್ವಚ್ಛ ಮಾಡೋ ಮೊದಲಿನದಾ, ಆಮೇಲಿನದಾ? ಮಸಾಲೆ, ಅಡುಗೆ ದರದಲ್ಲೇ ಸೇರಿದೆಯಾ? ತೆರಿಗೆ ಸೇರಿದೆಯಾ? ಟ್ರೇ ಇಟ್ಟು ಸೊನ್ನೆ ಮಾಡಿ ಆಮೇಲೆ ಮೀನು ಹಾಕಬೇಕು. ನೀರು ಸೋರಿಸಿ ತೂಗಬೇಕು. ತೂಕದ ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ. ಫ್ರೀಜರ್ ಮೀನನ್ನ ಮಂಜುಗಡ್ಡೆ ಹೊದಿಕೆ ಸಮೇತ ತೂಗಿದರೆ ನೀರಿಗೆ ದುಡ್ಡು ಕೊಟ್ಟ ಹಾಗೆ. ಏಡಿ ಈ ಸಲ ಬಿಟ್ಟಿದ್ದೀರಿ, ಮುಂದೆಂದಾದರೂ ತಗೊಂಡರೆ ನೆನಪಿರಲಿ: ಅದರ ತೂಕದಲ್ಲಿ ತಿನ್ನುವ ಮಾಂಸ ಮೂರರಲ್ಲಿ ಒಂದು ಪಾಲೂ ಇರಲ್ಲ, ಕೊಂಬು ಕಟ್ಟಿದ ಹಗ್ಗ ಒದ್ದೆಯಿದ್ದರೆ ಅದೂ ತೂಕಕ್ಕೆ ಸೇರುತ್ತೆ.

ಬಿಡಿ ಹೋಟೆಲಿನಲ್ಲಿ ಜಿಎಸ್‌ಟಿ ಶೇ. 5, ಎಸಿ ಇರಲಿ ಬಿಡಲಿ. ದುಬಾರಿ ರೆಸಾರ್ಟಿನ ಒಳಗಿದ್ದರೆ ಶೇ. 18 ಆಗಬಹುದು, ಮೊದಲೇ ಕೇಳಿ. ಸರ್ವಿಸ್ ಚಾರ್ಜ್ ಅಂತ ತಾವೇ ಸೇರಿಸುವಂತಿಲ್ಲ, 2022ರ ಜುಲೈನಿಂದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಇದೆ. ತೆಗೆಯಿರಿ ಅಂತ ಹೇಳಿದರೆ ತೆಗೀಬೇಕು, ಒಪ್ಪದಿದ್ದರೆ 1915ಕ್ಕೆ ದೂರು ಕೊಡಬಹುದು. ಬಿಲ್ಲಿನಲ್ಲಿ 14 ಅಂಕಿಯ ಆಹಾರ ಲೈಸೆನ್ಸ್ ನಂಬರ್ ಇರಬೇಕು. ಮೈದುನನಿಗೆ ಏನಾದರೂ ಆದರೆ ಡಾಕ್ಟರಿಗೂ ಅಧಿಕಾರಿಗಳಿಗೂ ಆ ಬಿಲ್ಲೇ ಬೇಕಾಗೋದು, ಎಸೆಯಬೇಡಿ.

ತುಮಕೂರಿನವಳು

ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಬದಲಿಸಿದ್ದೀವಿ, ಅತ್ತೆಗೂ ಖುಷಿ. ಏಡಿ, ಸಿಗಡಿ ಎರಡೂ ಇಲ್ಲ. ಹೋಟೆಲಿಗೆ ಫೋನ್ ಮಾಡಿ ಹೊಸ ಎಣ್ಣೆ, ಬೇರೆ ತವಾ ಕೇಳಿದ್ವಿ, ಹಿಂದಿನ ದಿನ ನೆನಪಿಸಿದರೆ ಮಾಡಿಕೊಡ್ತೀವಿ ಅಂದ್ರು. ಇನ್ನೊಂದೇ ಪ್ರಶ್ನೆ: ಉಳಿದ ಮೀನು ಸಾರನ್ನ ಹೋಂಸ್ಟೇಗೆ ಪಾರ್ಸೆಲ್ ತಂದು ರಾತ್ರಿ ತಿನ್ನಬಹುದಾ? ನಮ್ಮ ಕಡೆ ಕೆರೆ ಮೀನಿನ ಸಾರು ಮಾರನೇ ದಿನವೇ ರುಚಿ ಅಂತಾರೆ.

ಕಾಚಂಪುಳಿ

ಸಾರು ತರಬಹುದು ಅಕ್ಕಾ, ಹುಳಿ ಇಳಿದು ರಾತ್ರಿಗೆ ನಿಜವಾಗಿಯೂ ಚೆನ್ನಾಗಿರುತ್ತೆ. ಆದರೆ ಬಟ್ಟಲಲ್ಲಿ ಎಲ್ಲರೂ ಚಮಚ ಹಾಕಿ ಉಳಿದದ್ದಲ್ಲ, ಮುಟ್ಟದೆ ಬೇರೆ ತೆಗೆದಿಟ್ಟದ್ದನ್ನ ಕಟ್ಟಿಸಿ. ಎರಡು ಗಂಟೆಯೊಳಗೆ ಹೋಂಸ್ಟೇ ಫ್ರಿಜ್ಜಿಗೆ ಹೋಗಬೇಕು. ಮಡಿಕೇರಿ ತಂಪು ಅಂತ ಮೇಜಿನ ಮೇಲೆ ಬಿಡಬೇಡಿ, ಮೀನಿಗೆ ಆ ತಂಪು ಸಾಲದು. ರಾತ್ರಿ ಒಂದೇ ಸಲ ಕುದಿ ಬರುವವರೆಗೆ ಕಾಯಿಸಿ, ಸೌಟು ಆಡಿಸಬೇಡಿ, ಪಾತ್ರೆಯನ್ನೇ ಹಿಡಿದು ತಿರುಗಿಸಿ, ತುಂಡು ಒಡೆಯಲ್ಲ. ಬಂಗುಡೆ ಸಾರಾದರೆ ತರಬೇಡಿ, ಮೇಲೆ ಹೇಳಿದ ಹಿಸ್ಟಮಿನ್ ಕಾರಣಕ್ಕೆ. ಹುರಿದ ಕಾಣೆಯನ್ನೂ ಕಟ್ಟಿಸಬೇಡಿ, ಡಬ್ಬಿಯ ಆವಿಗೆ ರವೆ ಮೆತ್ತಗಾಗುತ್ತೆ, ಅದನ್ನ ಅಲ್ಲೇ ಬಿಸಿಬಿಸಿ ಮುಗಿಸಿ.